ಮೌಲಾಸಾಬ ಕಾಕಾನ ಎಡ ಅಂಗೈ

ಮೌಲಾಸಾಬ ಕಾಕಾನ ಮುಖಕ್ಕಿಂತ ಅವರ ಎಡ ಅಂಗೈಯೇ ನನಗೆ ಚೆನ್ನಾಗಿ ನೆನಪಿದೆ. ಕಾಲುದಾರಿಯಲ್ಲಿ ಅವರು ಮುಂದೆ, ನಾವು ಹಿಂದೆ. ಏನಾದರೂ ಕಂಡರೆ ತಿರುಗಿ ನೋಡದೆ ಆ ಅಂಗೈಯನ್ನು ಬೆನ್ನ ಹಿಂದೆ ಅಗಲಿಸುತ್ತಿದ್ದರು. ಅಷ್ಟೇ, ನಿಲ್ಲಬೇಕು. ಎಷ್ಟು ಹೊತ್ತು ಎಂದು ಕೇಳುವಂತಿರಲಿಲ್ಲ.

ಧಾರವಾಡದಾಚೆ ಕಾಯ್ದಿಟ್ಟ ಕುರುಚಲು ಕಾಡು, ಅದು ಮುಗಿದಲ್ಲಿ ಜೌಗು ನೆಲ, ಕೆರೆ. ಅಲ್ಲಿಗೆ ಬಂದವರನ್ನು ಸುತ್ತಾಡಿಸುವ ಕಾವಲುಗಾರರು ಅವರು. ನನ್ನ ಅಕ್ಕನಿಗೆ ಕಣ್ಣಿನ ನರ ಸೊರಗುವ ಕಾಯಿಲೆ; ಇನ್ನೊಂದು ವರ್ಷ ನೋಟ ಉಳಿದರೆ ಹೆಚ್ಚು ಎಂದು ಡಾಕ್ಟರು ಹೇಳಿದ್ದರು. ಅವಳು ಆಸೆಪಟ್ಟದ್ದು ಒಂದನ್ನೇ. ಹಿಮಾಲಯ ದಾಟಿ ಚಳಿಗಾಲಕ್ಕೆ ಈ ಕೆರೆಗೆ ಬರುವ ಹೆಬ್ಬಾತುಗಳನ್ನು ನೋಡಬೇಕು. ನಾನೋ ಅಮರಗೋಳದ ಕಾಳಿನ ಅಂಗಡಿಯ ಗುಮಾಸ್ತ, ರವಿವಾರ ಬಿಟ್ಟರೆ ಬಿಡುವಿಲ್ಲ.

ಮೊದಲ ಸಲ ಹೋದಾಗ ಕಾಕಾ ನನ್ನ ಕಾಲನ್ನೇ ನೋಡಿದರು. "ನಿಮ್ಮ ಚಪ್ಪಲಿ ಭಾಳ ಮಾತಾಡ್ತಾವ್ರಿ. ಕೈಯಾಗ ಹಿಡ್ಕೊಂಡು ಬರ್ರಿ."

ಬರಿಗಾಲಲ್ಲಿ ನಡೆದೆ. ಅರ್ಧ ದಾರಿಯಲ್ಲಿ ಜಾಲಿಮುಳ್ಳು ಹಿಮ್ಮಡಿಗೆ ನೆಟ್ಟಿತು. ಕಾಕಾ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಜೇಬಿನ ಪಿನ್ನು ತೆಗೆದು, ಮಗುವಿನ ಕಾಲು ಹಿಡಿದ ಹಾಗೆ ಹಿಡಿದು ಮುಳ್ಳು ತೆಗೆದರು. ಬೈಯಬೇಕೆಂದರೂ ಬಾಯಿ ಬರಲಿಲ್ಲ. ಅಷ್ಟರಲ್ಲಿ ಒಂಬತ್ತಾಯಿತು. ಒಂಬತ್ತರ ಮೇಲೆ ಅದು ಹಕ್ಕಿಗಳ ಹೊತ್ತು, ಮನುಷ್ಯರು ಅಲ್ಲಿರಬಾರದು ಎಂಬುದು ಅವರ ಕಾನೂನು. ವಾಪಸು ಕರೆತಂದರು. ದಾರಿಯುದ್ದಕ್ಕೂ ಅಕ್ಕ ನಕ್ಕಳು, ನನಗೆ ಮೈಯೆಲ್ಲ ಉರಿಯಿತು.

ಎರಡನೆಯ ಸಲ ಸದ್ದು ಮಾಡದ ಬೂಟು ಕೊಂಡು ಹೋದೆ. ಫೆಬ್ರವರಿಯ ಕೊನೆಯ ರವಿವಾರ. ಕೆರೆಯ ಏರಿ ಇನ್ನು ಐವತ್ತು ಹೆಜ್ಜೆಯಷ್ಟೇ. ದೂರದಲ್ಲಿ ಏನೋ ಬೆಳ್ಳಗೆ ಕಾಣುತ್ತಿದೆ ಎಂದು ಅಕ್ಕ ನನ್ನ ತೋಳು ಹಿಡಿದಳು. ಆಗ ಆ ಅಂಗೈ ಅಗಲವಾಯಿತು. ದಾರಿಯ ನಡುವೆ ಕಲ್ಲುಹರಳುಗಳ ಮಧ್ಯೆ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆ. ಹಕ್ಕಿ ನಮ್ಮ ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತಿತ್ತು. ಒಂದು ಪಕ್ಕ ಮುಳ್ಳುಕಂಟಿ, ಇನ್ನೊಂದು ಪಕ್ಕ ಮೊಣಕಾಲುದ್ದ ಕೆಸರು. ಕಾಕಾ ಕಲ್ಲು ಆರಿಸಿ ತಂದು ಮೊಟ್ಟೆಗಳ ಸುತ್ತ ದುಂಡಗೆ ಇಟ್ಟು, ಮರಳಿ ಹೋಗೋಣ ಎಂದರು.

ಅಕ್ಕನ ಕಣ್ಣಿನ ಸಂಗತಿ ಹೇಳಿದೆ. ಅವರ ಮುಖ ಸಣ್ಣದಾಯಿತು. ಆದರೂ ಅಲುಗಲಿಲ್ಲ.

"ನನ್ನ ಬೈರಿ ಅಕ್ಕಾರ, ಬೇಕಾದಷ್ಟು ಬೈರಿ. ಮುಂದ ಒಬ್ಬರ ಮನಿ ಐತ್ರಿ. ನಾವು ದಾಟಾಕ ಹೋದ್ರ ಅದು ಕುಂದ್ರಾಕ ಬರೂದಿಲ್ಲ, ತತ್ತಿ ಬಿಸಲಿಗೆ ಬೇಯ್ತಾವ."

"ಆ ನಾಕು ತತ್ತಿಗಿಂತ ನಮ್ಮಕ್ಕನ ಕಣ್ಣು ಕಡಿಮಿ ಏನ್ರಿ?" ಎಂದೆ.

ಕಾಕಾ ಮೊಟ್ಟೆಗಳ ಕಡೆ ತಿರುಗಿ, ಅಂಗೈಯನ್ನು ಮತ್ತೆ ಬೆನ್ನ ಹಿಂದೆ ಅಗಲಿಸಿ ನಿಂತರು. ಮುಂದಿನ ರವಿವಾರ ವಿಚಾರಿಸಿದಾಗ ಹೆಬ್ಬಾತುಗಳು ಹೋಗಿಬಿಟ್ಟಿದ್ದವು. ಆ ವರ್ಷವೆಲ್ಲ ಅವರ ಹೆಸರು ಬಂದರೆ ನಾನು ಎದ್ದು ಹೋಗುತ್ತಿದ್ದೆ.

ಅಂಗಡಿಯ ಹಂಗಾಮು ಮುಗಿಯುವಷ್ಟರಲ್ಲಿ ಈ ಸಲವೂ ಫೆಬ್ರವರಿ ಕೊನೆಯಾಯಿತು. ಹೋದರೆ ಕಾಡಿನ ಬಾಗಿಲಲ್ಲಿ ಕಾಕಾ ಇರಲಿಲ್ಲ. ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡರು ಎಂದು ಎದುರಿನ ಚಹಾದಂಗಡಿಯಾಕೆ ಹೇಳಿದಳು. ಈಗ ಯಾರು ಬೇಕಾದರೂ, ಎಷ್ಟು ಹೊತ್ತಿಗಾದರೂ ಹೋಗಬಹುದಂತೆ. ಅಕ್ಕನಿಗೆ ಈಗ ಬೆಳಕು, ಕತ್ತಲೆ ಎರಡೇ ತಿಳಿಯುತ್ತವೆ. ದನಿಯನ್ನಾದರೂ ಹತ್ತಿರದಿಂದ ಕೇಳುತ್ತೇನೆ, ನಡಿ ಎಂದಳು.

ನನ್ನ ಹೆಗಲ ಮೇಲೆ ಕೈಯಿಟ್ಟು ಹಿಂದೆ ಬಂದಳು. ಏರಿಯಾಚೆ ಹೆಬ್ಬಾತುಗಳ ಗದ್ದಲ ಆಗಲೇ ಕೇಳುತ್ತಿತ್ತು. ತಡೆಯುವವರು ಯಾರೂ ಇರಲಿಲ್ಲ. ಅದೇ ಜಾಗಕ್ಕೆ ಬರುತ್ತಲೇ ತಲೆಯ ಮೇಲೆ ಟಿಟ್ಟಿಭ ಕಿರುಚಿತು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. ಸತ್ತ ಮೇಲೂ ಈ ಮನುಷ್ಯ ಬಿಡುವುದಿಲ್ಲವಲ್ಲ ಎನ್ನಿಸಿತು.

ಅಕ್ಕ ನನ್ನ ಬೆನ್ನಿಗೆ ಬಂದು ಬಡಿದು ನಿಂತಳು. ಅವಳ ಕೈ ಹೆಗಲಿಂದ ಜಾರಿ, ನನ್ನ ಬೆನ್ನ ಹಿಂದೆ ಅಗಲವಾಗಿದ್ದ ನನ್ನದೇ ಎಡ ಅಂಗೈಗೆ ತಾಗಿತು. ಒಂದು ಗಳಿಗೆ ಬೆರಳುಗಳನ್ನು ಸವರಿ ನೋಡಿದಳು.

"ಎಷ್ಟು ತತ್ತಿ ಅದಾವೋ?" ಎಂದಳು.

ಮೂರು ಎಂದು ಸಿಡುಕಿ ಹೇಳಿ, ಕಲ್ಲು ಆರಿಸಲು ಬಗ್ಗಿದೆ.