ಹೈಮಾವತಿ ಮುಗಿಸಿಕೊಟ್ಟ ಮಾತು

ಹೈಮಾವತಿ ಹುಟ್ಟಿದ್ದು ಹೊಸಪೇಟೆಯಲ್ಲಿ. ನೌಕಾಪಡೆಯಲ್ಲಿದ್ದ ಉಮಾಶಂಕರನನ್ನು ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದಳು. ಅವನು ನಿವೃತ್ತನಾದ ಮೇಲೂ ಇಬ್ಬರೂ ಎಂವಿಪಿ ಕಾಲೋನಿಯಲ್ಲೇ ಉಳಿದುಕೊಂಡರು. ಊರ ಹೊರಗಿನ ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ ಅವಳು ಎಚ್‌ಆರ್ ಮ್ಯಾನೇಜರ್. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿದ ಕೂಡಲೇ ಡ್ರೈವರನ ಮಂಡಿನೋವು ವಿಚಾರಿಸುವಳು, ಕ್ಯಾಂಟೀನಿನ ಜಯಮ್ಮನ ಮಗಳ ಬಾಣಂತನ ವಿಚಾರಿಸುವಳು. ಬುಧವಾರ ಮಧ್ಯಾಹ್ನ ಯಾರು ಬೇಕಾದರೂ ಅವಳ ಕೋಣೆಗೆ ಬಂದು ಕಷ್ಟ ಹೇಳಿಕೊಳ್ಳಬಹುದಿತ್ತು. ಮೇಲಿನವರನ್ನು ಕಾಡಿ ಬೇಡಿ ಆ ವ್ಯವಸ್ಥೆ ಮಾಡಿಸಿದ್ದು ಅವಳೇ.

ಅಲ್ಲಿಗೆ ಬಂದವರು ಬಹಳ ಹೊತ್ತು ಕೂರಬೇಕಾಗಿರಲಿಲ್ಲ. ಅರ್ಧ ಹೇಳುವಷ್ಟರಲ್ಲಿ ಹೈಮಾವತಿಗೆ ವಿಷಯ ತಿಳಿದುಬಿಡುತ್ತಿತ್ತು. ಉಳಿದರ್ಧವನ್ನು ತಾನೇ ಹೇಳಿ, ಫೋನೆತ್ತಿ ಪರಿಹಾರವನ್ನೂ ಮಾಡಿಬಿಡುತ್ತಿದ್ದಳು. ಬಹುಪಾಲು ಸಲ ಅವಳ ಊಹೆ ಸರಿಯಾಗಿಯೇ ಇರುತ್ತಿತ್ತು. ಜನಕ್ಕೂ ಅದೇ ಹಿಡಿಸಿತ್ತು.

ಕಾಮೇಶ್ವರ ಸಾಲ್ವೆಂಟ್, ಅಂದರೆ ಘಾಟಿನ ದ್ರಾವಕಗಳ ವಿಭಾಗದ ಆಪರೇಟರ್. ಅವನ ತಂದೆ ತೆಲುಗಿನವರು, ತಾಯಿ ಚಂದ್ರಮ್ಮ ಸಿರುಗುಪ್ಪದವಳು. ತಾಯಿ ತೀರಿಕೊಂಡ ಮೇಲೆ ಅವನ ಕನ್ನಡಕ್ಕೆ ಮನೆಯಲ್ಲಿ ಜೊತೆ ಇರಲಿಲ್ಲ. ಹೆಂಡತಿ ದುರ್ಗಾಭವಾನಿ ವಿಜಯವಾಡದವಳು, ಮಗಳು ಸಾಹಿತ್ಯಳಿಗೂ ತೆಲುಗೇ ಬಾಯಿಗೆ ಬರುವುದು. ಹಾಗಾಗಿ ಹೈಮಾವತಿ ಎದುರಾದರೆ ಅವನು ತಡವರಿಸಿಕೊಂಡಾದರೂ ಕನ್ನಡದಲ್ಲೇ ಮಾತಾಡುತ್ತಿದ್ದ.

ಒಂದು ಬುಧವಾರ ಅವನು ಬಂದು ಬಾಗಿಲಲ್ಲೇ ನಿಂತ.

"ಬಾರಪ್ಪ ಕಾಮೇಶ, ಕುಂದ್ರು. ಏನ್ ಸಮಾಚಾರ?"

"ಏನಿಲ್ಲ ಮೇಡಂ. ಈ ಮಧ್ಯ ಆ ಸಾಲ್ವೆಂಟ್ ವಾಸನೆ ಅಂದ್ರೆ... ಅದು ನನಗೆ..."

"ತಡ್ಕೊಳ್ಳಾಕ ಆಗ್ತಿಲ್ಲ, ಹೌದಿಲ್ಲೋ? ನಿಮ್ಮ ಸೆಕ್ಷನ್‌ನಾಗ ಎಲ್ರದ್ದೂ ಇದೇ ಗೋಳು. ತಡಿ, ಹೊಸ ಮಾಸ್ಕ್ ತರಿಸ್ತೀನಿ."

ಅವಳು ಆಗಲೇ ಸ್ಟೋರ್ಸಿಗೆ ಫೋನು ಹಚ್ಚಿದ್ದಳು. ಕಾಮೇಶ್ವರ ಏನೋ ಹೇಳಲು ಬಾಯಿ ತೆರೆದ. ಮೇಡಂ ತನಗಾಗಿ ಯಾರನ್ನೋ ದಬಾಯಿಸುತ್ತಿರುವುದನ್ನು ನೋಡಿ ಸುಮ್ಮನಾದ. ಅಷ್ಟು ಅಕ್ಕರೆಯಿಂದ ಮಾಡುತ್ತಿರುವವರಿಗೆ ಅದಲ್ಲ ಎನ್ನುವುದು ಹೇಗೆಂದು ಅವನಿಗೆ ತೋಚಲಿಲ್ಲ. "ಸರೆ ಮೇಡಂ, ಥ್ಯಾಂಕ್ಸಂಡಿ" ಎಂದು ಎದ್ದು ಹೋದ.

ಆಮೇಲೊಮ್ಮೆ ಅವನು ಬಸ್ಸಿನಲ್ಲಿ ಸಿಕ್ಕಿದ. "ಈಗ ವಾಸನೆ ಹೆಂಗೈತಿ?" ಎಂದು ಹೈಮಾವತಿ ಕೇಳಿದಳು.

"ವಾಸನೆ ಏನೂ ಇಲ್ಲ ಮೇಡಂ," ಎಂದ ಅವನು.

"ನಾ ಹೇಳಿರಲಿಲ್ಲ?" ಎಂದು ನಕ್ಕು ಅವಳು ಹಿಂದಿನ ಸೀಟಿನ ಕಡೆಗೆ ತಿರುಗಿದಳು. ಅಲ್ಲಿ ಯಾರಿಗೋ ರಜೆಯ ವಿಷಯ ಮಾತಾಡಬೇಕಿತ್ತು.

ಆ ಬೇಸಿಗೆಯಲ್ಲಿ ಸಾಲ್ವೆಂಟ್ ವಿಭಾಗದ ಪಂಪಿನ ಬಳಿ ಪೈಪಿನ ಜಾಯಿಂಟು ಸಡಿಲವಾಗಿ ಸೋರತೊಡಗಿತು. ಎಚ್ಚರಿಸಬೇಕಿದ್ದ ಯಂತ್ರ ರಿಪೇರಿಗೆ ಹೋಗಿತ್ತು. ಗೋಡೆಯಾಚೆಗೂ ಘಾಟು ಹೊಡೆದು, ಪಕ್ಕದ ಕೋಣೆಯವರು ಮೂಗು ಮುಚ್ಚಿಕೊಂಡು ಓಡಿಬಂದರು. ಕಾಮೇಶ್ವರ ಅದೇ ಪಂಪಿನ ಪಕ್ಕದಲ್ಲಿ ಮಂಡಿಯೂರಿ ಫಿಲ್ಟರ್ ತೊಳೆಯುತ್ತಿದ್ದ. ಸೆಕೆಗೆಂದು ಮಾಸ್ಕನ್ನು ಕುತ್ತಿಗೆಗೆ ಇಳಿಸಿಕೊಂಡಿದ್ದ. ಅವರು ಕೂಗಿದಾಗ ತಲೆಯೆತ್ತಿದ, ಏಳಲು ಹೋಗಿ ಅಲ್ಲೇ ಬಿದ್ದ.

ಜೀವ ಉಳಿಯಿತು. ಶ್ವಾಸಕೋಶ ಮೊದಲಿನಂತಾಗಲಿಲ್ಲ.

ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅವನ ಜೊತೆಯ ಕೆಲಸಗಾರ ಬಾಬ್ಜಿ ಕೂತಿದ್ದ. "ಘಾಟು ಅಷ್ಟಿದ್ದರೂ ಅವನು ಯಾಕೆ ಎದ್ದು ಬರಲಿಲ್ಲ?" ಎಂದು ಹೈಮಾವತಿ ಅವನನ್ನು ತೆಲುಗಿನಲ್ಲಿ ಕೇಳಿದಳು. ಬಾಬ್ಜಿ ಅವಳ ಮುಖವನ್ನೇ ನೋಡಿದ.

"ಅವನಿಗೆ ಜ್ವರ ಬಂದು ಹೋದಾಗಿನಿಂದ ವಾಸನೆಯೇ ತಿಳಿಯುವುದಿಲ್ಲವಲ್ಲ ಮೇಡಂ. ನಿಮಗೆ ಹೇಳಿದ್ದೇನೆ ಅಂದಿದ್ದ."

ವಿಚಾರಣೆಯಲ್ಲಿ ಹೈಮಾವತಿ ನಡೆದದ್ದನ್ನೆಲ್ಲ ಹೇಳಿದಳು. ಯಾರೂ ಅವಳನ್ನು ದೂರಲಿಲ್ಲ. ನೌಕರ ಬಂದ ದಿನವೇ ಮಾಸ್ಕ್ ಕೊಡಿಸಿದ್ದೀರಿ, ಇನ್ನೇನು ಮಾಡಬೇಕಿತ್ತು ಎಂದರು ಮೇಲಿನವರು. ಅವಳು ಹಟ ಹಿಡಿದು ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ವಾಸನೆಯ ಪರೀಕ್ಷೆಯನ್ನೂ ಸೇರಿಸಿದಳು. ಅದರಲ್ಲಿ ಬಾಯ್ಲರ್ ವಿಭಾಗದ ಒಬ್ಬನ ತೊಂದರೆ ಹೊರಬಿತ್ತು, ಅವನನ್ನು ಬೇರೆ ಕಡೆಗೆ ಹಾಕಿದರು. ಒಳ್ಳೆಯ ಕೆಲಸವಾಯಿತೆಂದು ಎಲ್ಲರೂ ಹೇಳಿದರು. ಕೇಳಿಸಿಕೊಂಡು ಅವಳು ಕೋಣೆಗೆ ಹೋಗಿ ಕೂತಳು.

ಬುಧವಾರಗಳು ನಿಲ್ಲಲಿಲ್ಲ. ಆದರೆ ಈಗ ಅವಳು ಬಂದವರ ಎದುರು ಕೈಕಟ್ಟಿ ಕೂತು, ಅವರು ಮುಗಿಸುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಮುಗಿದ ಮೇಲೂ "ಮತ್ತೇನಾದರೂ?" ಎಂದು ಕೇಳಿ ಕಾಯುತ್ತಿದ್ದಳು. ಮೇಡಂ ಯಾಕೋ ಬಿಗಿಯಾಗಿದ್ದಾರೆ ಎಂದುಕೊಂಡು ಕೆಲವರು ಬರುವುದನ್ನೇ ಬಿಟ್ಟರು.

ಮಳೆಗಾಲ ಕಳೆದ ಮೇಲೆ ಅವಳು ವಿಜಯವಾಡಕ್ಕೆ ಹೋದಳು. ಕಾಮೇಶ್ವರನ ಸಂಸಾರ ದುರ್ಗಾಭವಾನಿಯ ತವರಿಗೆ ಬಂದು ಸೇರಿತ್ತು. ಬೆಂಜ್ ಸರ್ಕಲ್ ಹಿಂದಿನ ಓಣಿಯಲ್ಲಿ ಮನೆ. ಕಿಟಕಿ ಮುಚ್ಚಿದ್ದರೂ ವಾಹನಗಳ ಸದ್ದು ಒಳಗೆ ಬರುತ್ತಿತ್ತು. ಅವನು ದಿಂಬಿಗೆ ಒರಗಿ ಕೂತಿದ್ದ. ಅವಳನ್ನು ಕಂಡು ಏಳಲು ಹೋದ.

"ಏಳಬ್ಯಾಡೋ. ಆವತ್ತು ನೀ ಹೇಳಾಕ ಬಂದಿದ್ದನ್ನ ಈಗ ಹೇಳು. ನನಗೇನೂ ಅವಸರ ಇಲ್ಲ."

ಅವನು ಉಸಿರು ತೆಗೆದುಕೊಳ್ಳುತ್ತ, ನಿಲ್ಲಿಸುತ್ತ, ನಿಧಾನವಾಗಿ ಹೇಳಿದ. ಒಂದು ದಿನ ಒಲೆಯ ಮೇಲೆ ಬೇಳೆ ಸೀದು ಕರಕಾಗಿತ್ತಂತೆ. ಅವನು ಅಡುಗೆಮನೆಯಲ್ಲೇ ಕೂತು ಪೇಪರ್ ಓದುತ್ತಿದ್ದನಂತೆ. ಹೊರಗಿನಿಂದ ಬಂದ ಹೆಂಡತಿ ಕೂಗಾಡಿದಾಗಲೇ ಅವನಿಗೆ ತಿಳಿದದ್ದು.

"ಭಯ ಆಯ್ತು ಮೇಡಂ. ಕೆಲಸದಿಂದ ತೆಗೀತಾರೇನೋ ಅಂತ. ಆದ್ರೂ ಹೇಳಬೇಕು ಅಂತ ಬಂದೆ."

"ಎರಡನೇ ಸಲ ಯಾಕ ಬರ್ಲಿಲ್ಲ?"

ಮಜ್ಜಿಗೆ ತಂದ ದುರ್ಗಾಭವಾನಿ ತೆಲುಗಿನಲ್ಲಿ ಹೇಳಿದಳು: "ಆ ಒಂದು ಸಲಕ್ಕೇ ಹಿಂದಿನ ದಿನವೆಲ್ಲ ಮನೆಯಲ್ಲಿ ಹೇಳಿ ಹೇಳಿ ನೋಡಿಕೊಂಡಿದ್ದರು ಮೇಡಂ. ಕನ್ನಡದಲ್ಲಿ ಹೇಳಿದರೆ ನಿಮಗೆ ಸಂತೋಷವಾಗುತ್ತದೆ ಅಂದಿದ್ದರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಲೋಟ ಕೆಳಗಿಟ್ಟು ಒಳಗೆ ಹೋದಳು.

"ಏನು ಕೇಳಬೇಕು ಅಂತಿದ್ದೆ ಆವತ್ತು?" ಎಂದಳು ಹೈಮಾವತಿ.

"ದೊಡ್ಡದೇನಲ್ಲ ಮೇಡಂ. ಪ್ಯಾಕಿಂಗಿಗೆ ಹಾಕ್ರಿ ಅಂತ. ಅಲ್ಲಿ ಮೂಗಿನ ಕೆಲಸ ಇಲ್ಲ ಅಲ್ಲಾ."

ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಉಮಾಶಂಕರನ ಫೋನು ಬಂತು. ಕಾಮೇಶ್ವರ ಏನಂದ, ಬೈದನೇ ಎಂದು ಅವನು ಕೇಳಿದ.

"ಇಲ್ರಿ. 'ನೀವು ಒಳ್ಳೇದೇ ಮಾಡಿದ್ರಿ, ನಾನೇ ಸರಿಯಾಗಿ ಹೇಳ್ಲಿಲ್ಲ' ಅಂದ."

"ಮತ್ತಿನ್ನೇನು? ಮನಸ್ಸಿಗೆ ಹಚ್ಕೋಬ್ಯಾಡ."

ಅವಳು ಹೂಂ ಎಂದಳು. ಆ ವರ್ಷವಿಡೀ ಪ್ಯಾಕಿಂಗ್ ವಿಭಾಗದಲ್ಲಿ ಜಾಗ ಖಾಲಿಯಿತ್ತು, ಯಾರೂ ಸಿಗುತ್ತಿಲ್ಲವೆಂದು ಅವಳೇ ಹುಡುಕುತ್ತಿದ್ದಳು. ಅದನ್ನು ಅವಳು ಕಾಮೇಶ್ವರನಿಗೆ ಹೇಳಿರಲಿಲ್ಲ. ಗಂಡನಿಗೂ ಹೇಳಲಿಲ್ಲ.