ತಿರುಗಿ ನೋಡದೆ ಎದ್ದು ಬಂದ ಸಂದರ್ಶನ

ನಮ್ಮ ತಾತನ ಮನೆಯಿಂದ ಗುಣವಾದವರು ಯಾರೂ ಹೇಳಿ ಹೋಗುತ್ತಿರಲಿಲ್ಲ. ಗಬ್ಬೂರಿನವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಆದರೆ ಬೇರೆ ಊರಿನವರು ನಮ್ಮ ಮಂದಿಗೆ ಮರ್ಯಾದೆ ಗೊತ್ತಿಲ್ಲ ಎಂದುಕೊಂಡಾರು, ಅದಕ್ಕೆ ಹೇಳುತ್ತಿದ್ದೇನೆ.

ತಾತ ಎಲುಬು ಕೂಡಿಸುವವನು. ನಮ್ಮದು ಕುರಿ ಕಾಯುವ ಮನೆತನ. ಕುಂಟುವ ಮರಿಗಳ ಕಾಲು ಕಟ್ಟಿ ಕಟ್ಟಿ ಪಳಗಿದ ಕೈ ಆಮೇಲೆ ಮನುಷ್ಯರಿಗೂ ಒದಗಿಬಂತು. ಬಿದಿರಿನ ದಬ್ಬೆ, ಹಳೇ ಸೀರೆಯ ಪಟ್ಟಿ, ಕೋಳಿಮೊಟ್ಟೆಯ ಬಿಳಿ, ಉದ್ದಿನ ಹಿಟ್ಟು, ಇಷ್ಟೇ ಅವನ ಆಸ್ಪತ್ರೆ. ಕಟ್ಟು ಬಿಚ್ಚಿದ ದಿನ ಗುಣವಾದವರು ಎದ್ದು, ಬಾಯಿ ತೆರೆಯದೆ, ಹಿಂದಕ್ಕೆ ನೋಡದೆ ನಡೆದುಬಿಡಬೇಕು. ಉಪಕಾರವಾಯಿತು ಎನ್ನುವಂತಿಲ್ಲ. ಹಿಂದಿನಿಂದ ಕೂಗಿದರೂ ತಿರುಗುವಂತಿಲ್ಲ. ತಿರುಗಿದರೆ ಮುರಿತಕ್ಕೆ ಮತ್ತೆ ದಾರಿ ಸಿಗುತ್ತದೆ, ತಿರುಗದೆ ಹೋದವರು ಆ ಹೊಸ್ತಿಲಿಗೆ ಮತ್ತೆ ಬರುವುದಿಲ್ಲ ಎನ್ನುವುದು ತಾತನ ನಂಬಿಕೆ. ಹೀಗಾಗಿ ನಮ್ಮ ಪಡಸಾಲೆಯ ಗೂಟದಲ್ಲಿ ಯಾರ್ಯಾರೋ ಮರೆತು ಹೋದ ಟವೆಲ್ಲು, ಕೈಚೀಲ, ಟೋಪಿಗಳು ಸದಾ ನೇತಾಡುತ್ತಿದ್ದವು. ಕುರ್ಡಿಯಿಂದ ಬಂದವನೊಬ್ಬ ಹೊಸ ಚಪ್ಪಲಿಯನ್ನೇ ಬಿಟ್ಟು, ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಗಾಲಲ್ಲಿ ಕುಣಿಯುತ್ತ ಬಸ್ಸಿನ ಕಡೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕೂಗಿದೆ. ಅವನು ಇನ್ನಷ್ಟು ಜೋರಾಗಿ ಕುಣಿದನೇ ಹೊರತು ತಿರುಗಲಿಲ್ಲ.

ತಾತನ ಕೈ ತಪ್ಪಿದ್ದು ನನಗೆ ಗೊತ್ತಿದ್ದಂತೆ ಒಂದೇ ಸಲ, ಅದೂ ಮೊಮ್ಮಗಳಾದ ನನ್ನ ಮೇಲೆ. ಆರನೇ ವರ್ಷಕ್ಕೆ ಬೇವಿನ ಮರದಿಂದ ಬಿದ್ದು ಮೊಳಕೈ ಮುರಿದುಕೊಂಡೆ. ತಾತ ಕಟ್ಟಿದ. ಎಲುಬು ಕೂಡಿತು, ಆದರೆ ಕೈ ಪೂರ್ತಿ ಚಾಚಲು ಬರಲಿಲ್ಲ. ಇವತ್ತಿಗೂ ನನ್ನ ಎಡಗೈ ಏನನ್ನೋ ಬೇಡುವವರ ಕೈಯಂತೆ ಅರ್ಧ ಮಡಚಿಯೇ ಇರುತ್ತದೆ. ಶಾಲೆಯಲ್ಲಿ ಹುಡುಗರು ಅಣಕಿಸಿದಾಗ ಅದೇ ಕೈಯಿಂದ ನಾಲ್ಕು ಬಿಡುತ್ತಿದ್ದೆ. ಮಡಚಿದ ಮೊಳಕೈಗೆ ಆ ಒಂದು ಅನುಕೂಲ ಉಂಟು. ನೂರಾರು ಜನರ ಕೈ ನೆಟ್ಟಗೆ ಮಾಡಿದವನಿಗೆ ನನ್ನದು ಯಾಕೆ ಬಗೆಹರಿಯಲಿಲ್ಲ ಎಂಬ ಸಿಟ್ಟೇ ನನ್ನನ್ನು ಡಾಕ್ಟರ್ ಆಗುವ ಹುಚ್ಚಿಗೆ ಹಚ್ಚಿತು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಪಿಯುಸಿ ವಿಜ್ಞಾನ ಮುಗಿಸಿದಾಗ ಮೆಡಿಕಲ್ ಸೀಟು ಬಿಟ್ಟು ಬೇರೆ ಏನೂ ನನಗೆ ಬೇಕಾಗಿರಲಿಲ್ಲ.

ತಾತನಿಗೆ ಹೇಳಿದೆ. ಅವನು ದಬ್ಬೆ ಸೀಳುತ್ತಿದ್ದವನು ತಲೆ ಎತ್ತಲಿಲ್ಲ.

"ಸೀಟು ಅವರು ಕೊಡ್ತಾರ. ಕೈ ಯಾರು ಕೊಡ್ತಾರಬೇ?"

ನನಗೆ ಮೈಯೆಲ್ಲ ಉರಿಯಿತು. "ನೀ ಕೊಟ್ಟ ಕೈ ನೋಡಾಕತ್ತೀನಲ್ಲ, ಸಾಕು," ಎಂದೆ. ತಾತ ಆ ದಿನ ರೊಟ್ಟಿ ಒಂದು ಕಡಿಮೆ ತಿಂದ. ಆ ಮಾತು ಆಡಬಾರದಿತ್ತು ಎಂದು ನನಗೆ ಆಗಲೇ ಗೊತ್ತಿತ್ತು, ಆದರೂ ಆಡಿದ್ದೆ.

ಅದು ಎಪ್ಪತ್ತರ ದಶಕದ ನಡುಭಾಗ. ಅಂಕಗಳ ಜೊತೆಗೆ ಸಂದರ್ಶನವನ್ನೂ ನೋಡಿ ಸೀಟು ಕೊಡುತ್ತಿದ್ದರು. ಅರ್ಜಿಯ ಜೊತೆ ಜಾತಿಯದು, ಆದಾಯದ್ದು ಎಂದು ದೇವದುರ್ಗದ ತಹಶೀಲ ಕಚೇರಿಯಿಂದ ಸರ್ಟಿಫಿಕೇಟು ತರಬೇಕಿತ್ತು. ಅಪ್ಪ ಕುರಿಹಿಂಡಿನ ಜೊತೆ ದೂರದ ಹೊಲಗಳಲ್ಲಿ ಬೀಡು ಬಿಟ್ಟಿದ್ದ. ತಾತನೇ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನನ್ನ ಜೊತೆ ಬಸ್ಸು ಹತ್ತಿದ. ಮಾಮೂಲಾಗಿ ಆ ಕಚೇರಿಯಲ್ಲಿ ಒಂದು ಕಾಗದಕ್ಕೆ ಮೂರು ಸಲವಾದರೂ ಅಲೆಯಬೇಕು. ಅಂದು ಗುಮಾಸ್ತ ತಾತನನ್ನು ಕಂಡವನೇ ಎದ್ದು ನಿಂತ, ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಹಿಂದಿನ ವರ್ಷ ಅವನ ಕಾಲು ಕಟ್ಟಿದ್ದು ತಾತನೇ.

"ನಿಮ್ಮ ತಾತಗ ನಾ ಏನೂ ಹೇಳಂಗಿಲ್ಲವ್ವಾ," ಎಂದು ಅವನು ನನ್ನ ಕಿವಿಯಲ್ಲಿ ಪಿಸುಗುಟ್ಟಿದ. "ಒಂದು ವರ್ಷದಿಂದ ಹೊಟ್ಟ್ಯಾಗ ಇಟಗೊಂಡೀನಿ. ಕಾಗದ ಕೊಡು ಇಲ್ಲಿ."

ಮಧ್ಯಾಹ್ನದ ಊಟದ ಹೊತ್ತಿಗೆ ಸಹಿ, ಮೊಹರು ಎಲ್ಲ ಬಿದ್ದಿದ್ದವು. ಅರ್ಜಿಯಲ್ಲಿ ಮನೆತನದ ಉದ್ಯೋಗ ಎಂದಿದ್ದ ಕಡೆ ಅವನು ವೈದ್ಯರು ಎಂದು ಬರೆಯಹೊರಟಾಗ ನಾನೇ ಕೈ ತಡೆದು ಕುರಿ ಸಾಕಣೆ ಎಂದು ಬರೆಸಿದೆ. ಅದು ನನ್ನ ಬುದ್ಧಿಯಲ್ಲ, ರಾಯಚೂರಿನ ನಮ್ಮ ಜೀವಶಾಸ್ತ್ರದ ಸರ್ ಹೇಳಿಕೊಟ್ಟಿದ್ದು.

ಸರ್ ನನ್ನ ಸಂದರ್ಶನದ ಉಸ್ತುವಾರಿಯನ್ನು ತಾವೇ ಹೊತ್ತುಕೊಂಡಿದ್ದರು. "ದಬ್ಬಿ, ತತ್ತಿ ಅಂತ ಅಲ್ಲಿ ಸುದ್ದಿ ತೆಗೀಬ್ಯಾಡ. ಅವರೆಲ್ಲ ದೊಡ್ಡ ಡಾಕ್ಟರು. ನಗ್ತಾರ," ಎಂದಿದ್ದರು. ಒಳಗೆ ಹೋಗುವಾಗ ಏನು ಹೇಳಬೇಕು, ಕುರ್ಚಿಯ ಎಷ್ಟು ಭಾಗದಲ್ಲಿ ಕೂರಬೇಕು, ಯಾಕೆ ಡಾಕ್ಟರ್ ಆಗಬೇಕು ಎಂದರೆ ಬಡಜನರ ಸೇವೆ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು, ಎಲ್ಲ ಪಾಠವಾಯಿತು. ಏಳುವಾಗ ಥ್ಯಾಂಕ್ಯೂ ಸರ್ ಎಂದು ಎರಡು ಹೆಜ್ಜೆ ಹಿಂದಕ್ಕೆ ಸರಿದು ಆಮೇಲೆ ತಿರುಗಬೇಕು. ಹಾಸ್ಟೆಲಿನ ಕನ್ನಡಿಯ ಎದುರು ಇದನ್ನು ಎಷ್ಟು ಸಲ ಮಾಡಿದೆನೆಂದರೆ, ಹಿಂದಕ್ಕೆ ಸರಿಯುವಾಗ ನೀರಿನ ಬಿಂದಿಗೆಯನ್ನು ಎರಡು ಬಾರಿ ಉರುಳಿಸಿದೆ. ಮಂಚದ ಕೆಳಗಿನ ಟ್ರಂಕುಗಳೆಲ್ಲ ಒದ್ದೆಯಾಗಿ ಗೆಳತಿಯರಿಂದ ಬೈಗುಳ ತಿಂದೆ.

ಆ ವರ್ಷ ನಮ್ಮ ಕಡೆಯವರ ಸಂದರ್ಶನ ರಾಯಚೂರಿನಲ್ಲೇ, ಒಂದು ಹಳೇ ಕಟ್ಟಡದ ಹಾಲಿನಲ್ಲಿ ನಡೆಯಿತು. ಬಿಸಿಲಿಗೆ ಗೋಡೆ ಮುಟ್ಟಿದರೆ ಸುಡುತ್ತಿತ್ತು. ಬೇರೆಯವರ ಅಪ್ಪಂದಿರು ಸಫಾರಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದರು. ನಮ್ಮ ತಾತ ವರಾಂಡದಲ್ಲಿ ಕಂಬಳಿ ಹಾಸಿ ಕಾಲು ಚಾಚಿದ. ನಾನು ಸ್ವಲ್ಪ ದೂರ ಹೋಗಿ ನಿಂತೆ. ಅವನಿಗೆ ಅದು ತಿಳಿಯಿತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಅವನ ಗಮನ ಬಾಗಿಲಲ್ಲಿ ಹೆಸರು ಕರೆಯುತ್ತಿದ್ದ ಜವಾನನ ಮೇಲಿತ್ತು. ಜವಾನ ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಓಡಾಡುತ್ತಿದ್ದ. ತಾತನ ಕಣ್ಣು ಹೀಗೆ ಒಬ್ಬರ ಮೇಲೆ ನಟ್ಟಿತೆಂದರೆ ಮುಂದೇನಾಗುತ್ತದೆ ಎಂದು ನನಗೆ ತಿಳಿಯದ್ದೇನಲ್ಲ. ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅಷ್ಟರಲ್ಲಿ ನನ್ನ ಹೆಸರು ಕರೆದರು.

ಒಳಗೆ ಮೂವರು ಡಾಕ್ಟರು. ನಡುವೆ ಕೂತವರು ದಪ್ಪ ಕನ್ನಡಕದ ಹಿರಿಯರು. ಯಾಕೆ ಡಾಕ್ಟರ್ ಆಗಬೇಕು ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ನಾನು ಬಡಜನರ ಸೇವೆಯನ್ನು ಗಿಣಿಯಂತೆ ಒಪ್ಪಿಸಿದೆ. ಆ ಬೆಳಿಗ್ಗೆಯಿಂದ ಹದಿನೈದು ಗಿಣಿಗಳ ಬಾಯಲ್ಲಿ ಅದನ್ನೇ ಕೇಳಿದ್ದರೋ ಏನೋ, ಹಿರಿಯರು ಆಕಳಿಸಿದರು. ಸೀಟು ಕೈ ಬಿಟ್ಟಿತು ಎಂದುಕೊಂಡೆ.

ಆಗಲೇ ಹೊರಗೆ ಒಬ್ಬ ಬೊಬ್ಬೆ ಹೊಡೆದ. ಕಟ್ಟಡವೇ ನಡುಗುವಂಥ ಬೊಬ್ಬೆ. ಅದರ ಹಿಂದೆಯೇ ಉರ್ದು ಮತ್ತು ಕನ್ನಡ ಬೆರೆತ ಬೈಗುಳದ ಸುರಿಮಳೆ.

"ಏನದು ಗಲಾಟೆ?" ಎಂದು ಹಿರಿಯರು ಕುರ್ಚಿಯಿಂದ ಅರ್ಧ ಎದ್ದರು.

ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಉಳುಕು, ಸರ್. ಮುರಿದಿಲ್ಲ," ಎಂದೆ.

ಮೂವರೂ ನನ್ನತ್ತ ನೋಡಿದರು. ಹಿರಿಯರು ಮೆಲ್ಲನೆ ಕೂತು, "ನೋಡದೇನೇ ಹೇಗಮ್ಮಾ ಹೇಳ್ತೀಯ? ಕನ್ನಡದಲ್ಲೇ ಹೇಳು," ಎಂದರು.

"ಬೈಯ್ಯಾಕತ್ತಾನಲ್ರೀ ಸರ್. ಉಳುಕಿದವರು ಬೈತಾರ. ಮುರಿದವರು ಸುಮ್ಮನಿರ್ತಾರ."

"ಯಾರು ಹೇಳಿದ್ದು ಇದನ್ನ?"

"ಹೊರಗ ಕುಂತಾನ್ರೀ, ನಮ್ಮ ತಾತ. ನಿಮ್ಮ ಜವಾನನ ಕೈ ಎಳದಾನ."

ಸರ್ ಕಲಿಸಿದ್ದೆಲ್ಲ ಅಲ್ಲಿಗೆ ಮಣ್ಣುಪಾಲಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ದಬ್ಬೆ, ತತ್ತಿ, ಹಿಟ್ಟು ಎಲ್ಲ ಮೇಜಿನ ಮೇಲೆ ಬಂದವು. ನಿಮ್ಮ ತಾತ ಯಾರನ್ನಾದರೂ ಮುಟ್ಟುವುದಿಲ್ಲ ಎನ್ನುವುದುಂಟೇ ಎಂದು ಹಿರಿಯರು ಕೇಳಿದರು. ಎಲುಬು ಚರ್ಮ ಹರಿದು ಹೊರಗೆ ಬಂದಿದ್ದರೆ ಮುಟ್ಟುವುದಿಲ್ಲ, ಬೆರಳು ತಣ್ಣಗಾಗಿ ಉಗುರು ನೀಲಿಗಟ್ಟಿದ್ದರೂ ಮುಟ್ಟುವುದಿಲ್ಲ, ಅಂಥವರನ್ನು ತಾನೇ ರಾಯಚೂರಿನ ಬಸ್ಸು ಹತ್ತಿಸುತ್ತಾನೆ ಎಂದೆ. ಹಿರಿಯರು ಪಕ್ಕದವರ ಮುಖ ನೋಡಿದರು.

"ತಪ್ಪೇ ಆಗಿಲ್ವಾ ಅವರ ಕೈಯಲ್ಲಿ?"

ನಾನು ರವಿಕೆಯ ತೋಳನ್ನು ಮೇಲೆ ಸರಿಸಿ ಎಡಗೈ ಚಾಚಿದೆ. ಅದು ಎಂದಿನಂತೆ ಅರ್ಧಕ್ಕೆ ನಿಂತಿತು. ಹಿರಿಯರು ಎದ್ದು ಬಂದು, ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ ನನ್ನ ಮೊಳಕೈಯನ್ನು ಬೆರಳುಗಳಿಂದ ತಡವಿದರು. ತಾತನೂ ಕಣ್ಣು ಮುಚ್ಚಿಯೇ ತಡವುತ್ತಿದ್ದ.

"ಈಗ ಹೇಳಮ್ಮ, ಯಾಕೆ ಡಾಕ್ಟರ್ ಆಗ್ಬೇಕು?"

"ನಮ್ಮ ತಾತನ ಕೈಗೆ ಎಲ್ಲಾ ತಿಳೀತದ ಸರ್. ಯಾಕ ಹಂಗ ಅಂತ ಮಾತ್ರ ತಾತಗ ಗೊತ್ತಿಲ್ಲ. ನನಗ ಅದು ತಿಳೀಬೇಕು."

ಹಿರಿಯರು ಆಯಿತು ಎಂಬಂತೆ ತಲೆಯಾಡಿಸಿ ನನ್ನ ಕೈ ಬಿಟ್ಟರು. ಆಮೇಲೆ ನಡೆದದ್ದಕ್ಕೆ ನಾನು ಯಾರನ್ನೂ ದೂರುವಂತಿಲ್ಲ. ಹುಟ್ಟಿದಾಗಿನಿಂದ ಎಲುಬು ಮುಟ್ಟಿ ನೋಡಿದವರ ಎದುರಿನಿಂದ ಜನ ಎದ್ದು ಹೋಗುವುದನ್ನು ನಾನು ಒಂದೇ ರೀತಿಯಲ್ಲಿ ನೋಡಿದ್ದೆ. ಎದ್ದೆ. ಬಾಯಿ ಬಿಡದೆ, ಬೆನ್ನು ತಿರುಗಿಸಿ, ಬಾಗಿಲ ಕಡೆ ನಡೆದುಬಿಟ್ಟೆ. ಅಂಕಪಟ್ಟಿಗಳ ಫೈಲು ಮೇಜಿನ ಮೇಲೇ ಉಳಿಯಿತು. "ಏನಮ್ಮಾ, ನಿನ್ನ ಫೈಲು," ಎಂದು ಹಿರಿಯರು ಕರೆದರು. ಕೇಳಿಸಿತು. ತಿರುಗಲಿಲ್ಲ. "ಇಲ್ಲಿ ನೋಡಮ್ಮಾ," ಎಂದರು. ಹೆಜ್ಜೆ ಜೋರು ಮಾಡಿದೆ.

ವರಾಂಡಕ್ಕೆ ಬಂದು ಬಿಸಿಗಾಳಿ ಮುಖಕ್ಕೆ ಬಡಿದಾಗಲೇ ನನಗೆ ಎಚ್ಚರವಾದದ್ದು. ಥ್ಯಾಂಕ್ಯೂ ಇಲ್ಲ, ಎರಡು ಹೆಜ್ಜೆ ಇಲ್ಲ, ಫೈಲೂ ಇಲ್ಲ. ಮೂವರು ದೊಡ್ಡ ಡಾಕ್ಟರು ಕರೆದರೂ ಲೆಕ್ಕಿಸದೆ ಬಂದಿದ್ದೆ. ಒಳಗೆ ಗೊಳ್ಳೆಂದು ನಗು ಎದ್ದಿತು. ಸ್ವಲ್ಪ ಹೊತ್ತಿಗೆ ಜವಾನ ಬಲಗೈಯಲ್ಲೇ ನನ್ನ ಫೈಲು ಹಿಡಿದು ಬಂದ. ತಾತ ಅವನಿಗೆ ಅಷ್ಟರಲ್ಲಿ ಪದ್ಧತಿ ಹೇಳಿಬಿಟ್ಟಿದ್ದ ಎಂದು ಕಾಣುತ್ತದೆ. ಫೈಲನ್ನು ನನ್ನ ಕೈಗಿಟ್ಟು, ತುಟಿ ಬಿಗಿದುಕೊಂಡು, ತಾತನ ಕಡೆ ನೋಡದೆ ಕವಾಯತು ಮಾಡುವವನಂತೆ ನಡೆದುಹೋದ.

"ಹೇಳದ ಬಂದ್ಯಾ?" ಎಂದು ತಾತ ಕೇಳಿದ.

"ಹೂಂ."

"ಚಲೋ ಆತು. ಇನ್ನ ಅಲ್ಲಿಗೆ ಹೋಗೋದು ಬರಂಗಿಲ್ಲ."

ನನಗೆ ಅಳು ಬಂತು. ಬಸ್ಸಿನಲ್ಲಿ ಗಬ್ಬೂರು ಬರುವವರೆಗೂ ತಾತನ ಜೊತೆ ಮಾತಾಡಲಿಲ್ಲ. ಊರು ಮುಟ್ಟಿದ ಮೇಲೂ ವಾರಗಟ್ಟಲೆ ಅವನ ದಬ್ಬೆ, ಅವನ ಪದ್ಧತಿ, ಗೂಟದ ಮೇಲಿನ ಟೋಪಿಗಳು, ಯಾವುದನ್ನು ಕಂಡರೂ ಸಿಡಿಯುತ್ತಿದ್ದೆ. ತಾತ ಅಂಚೆಯವನು ಬರುವ ಹೊತ್ತಿಗೆ ಬೇರೆ ಏನೋ ಕೆಲಸವಿದ್ದವನಂತೆ ಬಾಗಿಲಲ್ಲಿ ಕೂರುತ್ತಿದ್ದ.

ಸೀಟು ಸಿಕ್ಕಿದ ಕಾಗದವನ್ನು ಅಂಚೆಯವನ ಕೈಯಿಂದ ಇಸಿದುಕೊಂಡದ್ದು ತಾತನೇ. ಅವನಿಗೆ ಓದಲು ಬಾರದು. ತಲೆಕೆಳಗಾಗಿ ಹಿಡಿದು ನನಗೆ ಕೊಟ್ಟ. ನಾನು ಓದಿ ಹೇಳಿದೆ.

"ಸೀಟು ಬಂತು," ಎಂದ ತಾತ. "ಕೈ ನೋಡೂಣು."

ಅದನ್ನು ನೋಡಲು ಹತ್ತು ವರ್ಷ ಹಿಡಿಯಿತು. ಎಂಬತ್ತರ ದಶಕದ ನಡುವೆ ನಾನು ಮಾನ್ವಿಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದೆ. ಭತ್ತದ ಕೊಯ್ಲಿನ ದಿನಗಳು. ಗಾಡಿಯಿಂದ ಬಿದ್ದವರು, ಬದುವಿನಲ್ಲಿ ಜಾರಿದವರು ಸಾಲಾಗಿ ಬಂದು ಕೂರುತ್ತಿದ್ದರು. ಒಂದು ಬೆಳಿಗ್ಗೆ ಆ ಸಾಲಿನ ಕೊನೆಯಲ್ಲಿ, ಕೈಯಲ್ಲಿ ಚೀಟಿ ಹಿಡಿದು, ಕಂಬಳಿ ಹೊದ್ದು ತಾತ ಕೂತಿದ್ದ. ಎರಡು ಬಸ್ಸು ಬದಲಿಸಿ ಒಬ್ಬನೇ ಬಂದಿದ್ದ. ಮೇಕೆ ಅಟ್ಟಲು ಹೋಗಿ ಕೈಯೂರಿ ಬಿದ್ದನಂತೆ. ನಾನು ಓಡಿ ಹೋಗಿ, ಸಾಲಿನಲ್ಲಿ ಯಾಕೆ ಕೂತೆ, ಹೇಳಿ ಕಳಿಸಬಾರದೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ತಾತ ತಿರುಗಿ ಒಂದು ಮಾತೂ ಬೈಯಲಿಲ್ಲ. ಸುಮ್ಮನಿದ್ದ. ಎಕ್ಸ್‌ರೇಗೆ ಮುಂಚೆಯೇ ನನಗೆ ಗೊತ್ತಾಯಿತು, ಮುರಿದಿದೆ.

ಮಣಿಕಟ್ಟನ್ನು ಹಿಡಿದಾಗ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೂಡಿಸಿ ಪ್ಲಾಸ್ಟರ್ ಹಾಕಿದೆ. ಆರು ವಾರ ನನ್ನ ಕ್ವಾರ್ಟರ್ಸಿನಲ್ಲೇ ಇದ್ದ. ಪ್ಲಾಸ್ಟರ್ ಮೇಲೆ ತತ್ತಿಯ ಬಿಳಿ ಹಚ್ಚಿದರೆ ಗಟ್ಟಿಯಾಗುತ್ತದೆ ಎಂದು ದಿನಾ ಉಪದೇಶ ಮಾಡಿದ. ದಿನಾ ಜಗಳವಾಡಿದೆವು.

ಬಿಚ್ಚಿದ ದಿನ ತಾತ ಕೈಯನ್ನು ಉದ್ದಕ್ಕೆ ಚಾಚಿ, ಹೊರಳಿಸಿ, ಮುಷ್ಟಿ ಹಿಡಿದು ನೋಡಿದ. ನೆಟ್ಟಗಿತ್ತು. ಆಮೇಲೆ ನನ್ನ ಎಡ ಮೊಳಕೈಯನ್ನು ಅದೇ ಕೈಯಿಂದ ಒಮ್ಮೆ ಸವರಿದ. ಏನಾದರೂ ಹೇಳುತ್ತಾನೆ ಎಂದು ಕಾದೆ. ತಾತ ಎದ್ದ. ಬಾಯಿ ತೆರೆಯದೆ, ಬೆನ್ನು ತಿರುಗಿಸಿ, ರೋಗಿಗಳ ನಡುವೆ ದಾರಿ ಮಾಡಿಕೊಂಡು ಬಾಗಿಲ ಕಡೆ ನಡೆದ. ಬೆಂಚಿನ ಮೇಲೆ ಅವನ ಕಂಬಳಿ ಉಳಿದಿತ್ತು. ಬಿಸಿಲು, ಮಳೆ, ಮದುವೆ, ಸಾವು, ಯಾವುದರಲ್ಲೂ ಅವನು ಆ ಕಂಬಳಿ ಬಿಟ್ಟು ಹೋದದ್ದನ್ನು ನಾನು ನೋಡಿರಲಿಲ್ಲ.

"ತಾತಾ, ಕಂಬಳಿ," ಎಂದು ಕೂಗಿದೆ.

ತಾತ ಹೆಜ್ಜೆ ಜೋರು ಮಾಡಿದ.

ಇಷ್ಟು ದಿನ ಉಣ್ಣಿಸಿದ ಮೊಮ್ಮಗಳಿಗೆ ಒಂದು ಮಾತೂ ಹೇಳದೆ ಹೋದರಲ್ಲ ಎಂದು ನರ್ಸ್ ಬೇಸರಪಟ್ಟುಕೊಂಡಳು. ನಾನು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದೆ, ಅಳುತ್ತಲೂ ಇದ್ದೆ. ಆಮೇಲೆ ಅದನ್ನು ಮಡಚಿ ನನ್ನ ಕುರ್ಚಿಯ ಹಿಂದಿನ ಗೂಟಕ್ಕೆ ನೇತುಹಾಕಿ, ಮುಂದಿನ ಚೀಟಿಯವರನ್ನು ಕರೆದೆ.