ಎಲ್ಲದಕ್ಕೂ ಒಂದು ಹೆಬ್ಬೆಟ್ಟು

ಮೊಬೈಲಿಗೆ ಬಂದ ಯಾವ ಸಂದೇಶವನ್ನೂ ನಾನು ಉತ್ತರ ಕೊಡದೆ ಬಿಡುವವನಲ್ಲ. ಕೊಪ್ಪದ ಕಚೇರಿಯೊಂದರಲ್ಲಿ, ಬಂದ ಪತ್ರಗಳಿಗೆಲ್ಲ ಮೊಹರು ಒತ್ತಿ ಸ್ವೀಕೃತಿ ಕೊಡುವುದೇ ನನ್ನ ಕೆಲಸವಾಗಿತ್ತು. ನಾನು ನಿವೃತ್ತನಾದೆ, ಕೈ ಆಗಲಿಲ್ಲ. ಬೆಳಗಿನ ಸ್ನಾನ, ತಿಂಡಿ ಮುಗಿಸಿ ಜಗಲಿಯಲ್ಲಿ ಕೂತು, ಊರಿನ ವಾಟ್ಸಾಪ್ ಗುಂಪಿಗೆ ಬಂದದ್ದಕ್ಕೆಲ್ಲ ಮೇಲಿನಿಂದ ಕೆಳಗೆ ಒಂದೊಂದು ಹೆಬ್ಬೆಟ್ಟು ಹಾಕುತ್ತೇನೆ. ಯಾರದೋ ದನ ಕಳೆದಿದೆ: ಹೆಬ್ಬೆಟ್ಟು. ದನ ಸಿಕ್ಕಿದೆ: ಹೆಬ್ಬೆಟ್ಟು. ನನ್ನ ಮಟ್ಟಿಗೆ ಅದರ ಅರ್ಥ 'ಮುಟ್ಟಿತು' ಎಂದಷ್ಟೇ. ನಾಳೆ ಇಡೀ ದಿನ ಕರೆಂಟಿಲ್ಲ ಎಂಬ ಸುದ್ದಿಗೂ ನಾನು ಹಾಕಿದ್ದನ್ನು ಕಂಡು ಹೆಂಡತಿ ಕೇಳಿದಳು, "ಎಂತ, ಕರೆಂಟ್ ಹೋದ್ರೆ ನಿಮಗೆ ಅಷ್ಟು ಖುಷಿಯಾ?"

ಹಿಂದೆ ಅಕ್ಷರ ಬಾರದವರು ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಎರಡೆರಡು ಡಿಗ್ರಿ ಇದ್ದವರೂ ಅದನ್ನೇ ಒತ್ತುತ್ತಾರೆ. ನಾಗರಿಕತೆ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದಿದೆಯೆಂದು ನನಗೆ ಅನುಮಾನ.

ಇಷ್ಟರಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ಬಂತು. ಪಕ್ಕದ ಮನೆಯ ಮಂಜಪ್ಪ ನಿಂತ. ನಮ್ಮಿಬ್ಬರಿಗೆ ಒಂದೇ ಪತ್ರಿಕೆ. ಬೆಳಿಗ್ಗೆ ಅವನು ನಮ್ಮ ಜಗಲಿಗೆ ಬಂದರೆ ಹೊರಗಿನ ಹಾಳೆ ನನಗೆ, ಒಳಗಿನದು ಅವನಿಗೆ. ಕಾಫಿ ಮುಗಿಯುವಾಗ ಅದಲು ಬದಲು. ಬಹಳ ವರ್ಷದ ಏರ್ಪಾಡು.

ಅವನ ಎದುರಾಳಿ ದಿನೇಶ ಬಲು ಚುರುಕು. ಹೊಂಡ ಬಿದ್ದ ರಸ್ತೆಯ ವಿಡಿಯೋಗೆ ಹಿನ್ನೆಲೆಯಲ್ಲಿ ಶೋಕದ ಸಂಗೀತ, ತಾನು ಕೈಮುಗಿದು ಬರುವಾಗ ಡೋಲು. ಮಂಜಪ್ಪನೂ ಬಿಡಲಿಲ್ಲ, ಶೆಟ್ಟಿಕೊಪ್ಪಕ್ಕೆ ಹೋಗಿ ಹತ್ತು ವರ್ಷ ಚಿಕ್ಕವನಾಗಿ ಕಾಣುವ ಪೋಸ್ಟರ್ ಮಾಡಿಸಿಕೊಂಡು ಬಂದ. ಎರಡೂ ಗುಂಪಿಗೆ ಬಂದವು. ನಾನು ಶಿಸ್ತಿನಿಂದ ಇಬ್ಬರಿಗೂ ಹೆಬ್ಬೆಟ್ಟು ಹಾಕಿ ಸ್ವೀಕೃತಿ ಕೊಟ್ಟೆ.

ಮರುದಿನ ಮಂಜಪ್ಪ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಳಗಿನ ಹಾಳೆ ಮಡಿಕೆ ಬಿಚ್ಚದೆ ಉಳಿಯಿತು. ಎರಡನ್ನೂ ನಾನೇ ಓದಬಹುದಿತ್ತು, ಆದರೆ ಓದಿ ಯಾರೊಡನೆ ಜಗಳವಾಡುವುದು?

ನಮ್ಮ ಕಡೆ ಮತ ಕೇಳಿ ಬಂದವರಿಗೆ 'ಇಲ್ಲ' ಎನ್ನುವ ಪದ್ಧತಿಯೇ ಇಲ್ಲ. ಕಾಫಿ ಕೊಟ್ಟು "ಆಯ್ತು ಮಾರಾಯ" ಎಂದು ಕಳಿಸುತ್ತೇವೆ. ಅರ್ಧ ಗಂಟೆ ಬಿಟ್ಟು ಎದುರಾಳಿ ಬಂದರೆ ಅವನಿಗೂ ಕಾಫಿ, ಅವನಿಗೂ "ಆಯ್ತು". ಆ ಅರ್ಧ ಗಂಟೆಯಲ್ಲೇ ನಮ್ಮ ಮರ್ಯಾದೆಯೆಲ್ಲ ಅಡಗಿತ್ತು. ವಾಟ್ಸಾಪು ಇಬ್ಬರನ್ನೂ ಒಂದೇ ಜಗಲಿಯಲ್ಲಿ ಒಟ್ಟಿಗೆ ಕೂರಿಸಿಬಿಟ್ಟಿದೆ.

ಕಡೆಗೆ ನಾನೇ ಅವನ ಮನೆಗೆ ಹೋದೆ. ಮಂಜಪ್ಪ ಮೊಬೈಲಿನಿಂದ ತಲೆಯೆತ್ತಲಿಲ್ಲ.

"ದಿನೇಶನ ಮನೆ ಆಚೆ ಬದಿಗೆ, ಶಾಮಣ್ಣ."

"ಅಲ್ವೋ ಮಾರಾಯ, ನಾನು ಹೆಬ್ಬೆಟ್ಟು ಹಾಕಿದ್ರೆ ಮುಟ್ಟಿತು ಅಂತ ಅರ್ಥ. ಅಷ್ಟೇ."

ಅವನ ಮುಖ ಅರಳಿತು. ಮರುಕ್ಷಣವೇ ಬಾಡಿತು.

"ಹಂಗಾದ್ರೆ ನನ್ನ ಪೋಸ್ಟರಿಗೆ ಹಾಕಿದ್ದು?"

ಆಗ ನನಗೆ ವಿಷಯ ಗೊತ್ತಾಯಿತು. ಅವನು ಊರಿನವರ ಹೆಬ್ಬೆಟ್ಟುಗಳನ್ನೆಲ್ಲ ಮತವೆಂದೇ ತಿಳಿದು, ಮನೆಯಿಂದ ಹೊರಗೆ ಕಾಲಿಡದೆ ಗೆದ್ದು ಕೂತಿದ್ದ.

"ಏಳು, ಚಪ್ಪಲಿ ಮೆಟ್ಟು. ನಾನೂ ಬತ್ತೆ," ಎಂದೆ.

ಮನೆಮನೆಗೆ ಹೋದೆವು. ಎಲ್ಲ ಕಡೆ ಕಾಫಿ, ಎಲ್ಲ ಕಡೆ "ಆಯ್ತು". ಹಿಂತಿರುಗುವಾಗ ಮಂಜಪ್ಪ ಹೊಟ್ಟೆ ಹಿಡಿದುಕೊಂಡು ಕೇಳಿದ, "ಈ ಆಯ್ತು ಅಂದ್ರೆ ಎಂತ ಶಾಮಣ್ಣ?"

"ಅದೂ ಮುಟ್ಟಿತು ಅಂತಲೇ ಕಾಣ್ತದೆ."

ಇಬ್ಬರೂ ರಸ್ತೆಯಲ್ಲಿ ನಿಂತು ನಕ್ಕೆವು. ದಿನೇಶನ ವಿಡಿಯೋದಲ್ಲಿದ್ದ ಅದೇ ಹೊಂಡದ ಪಕ್ಕ.

ಮಂಜಪ್ಪ ಸೋತ. ಫಲಿತಾಂಶದ ಮರುದಿನ ನಮ್ಮ ಜಗಲಿಯಲ್ಲೇ ಕೂತು, ಮತದಾರರಿಗೆ ಧನ್ಯವಾದ ಹೇಳುವ ಸಂದೇಶವನ್ನು ಗುಂಪಿಗೆ ಕಳಿಸಿದ. ನನ್ನ ಮೊಬೈಲು ಗುಂಯ್ ಎಂದಿತು. ಅಭ್ಯಾಸದಂತೆ ಹೆಬ್ಬೆರಳು ಮೇಲೆದ್ದಿತು. ಎದುರಿಗೇ ಕೂತವನಿಗೆ ಸ್ವೀಕೃತಿ ಏಕೆ? ಮೊಬೈಲು ಕೆಳಗಿಟ್ಟು, ಒಳಗಿನ ಹಾಳೆಯನ್ನು ಅವನ ಕೈಗೆ ಕೊಟ್ಟೆ.